ಗಾಳಿ ಎಲ್ಲರದು, ಬಯಲು ಯಾರದು?

ಗಾಲ್ಫ್ ಬಗ್ಗೆ ಬರೀತೀನಿ ಅಂದಾಗ ನಮ್ಮ ಗುಂಪಿನ ಗೆಳೆಯರೇ ನಕ್ಕರು. 'ಮೆಕ್ಕೆಜೋಳದ ರೇಟು ಬರಿ, ಭದ್ರಾ ನಾಲೆ ನೀರು ಕೊನೇ ಭಾಗಕ್ಕೆ ಮುಟ್ಟಿಲ್ಲ ಅಂತ ಬರಿ. ಗಾಲ್ಫ್ ಕಟ್ಟಿಕೊಂಡು ನಮ್ಮ ಓದುಗರಿಗೆ ಏನಾಗಬೇಕಿದೆ?' ಅಂದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆಯೂ ಬಂತು.

ಪ್ರಶ್ನೆ ನ್ಯಾಯವಾದದ್ದೇ. ಗಾಲ್ಫ್ ನಮಗೆ ಟೀವಿಯಲ್ಲಿ, ಮೊಬೈಲಲ್ಲಿ ಕಂಡ ಆಟ. ಬಿಳಿ ಟೋಪಿ, ಹಸಿರು ಹುಲ್ಲು, ಬ್ಯಾಟರಿ ಗಾಡಿ, ದುಡ್ಡಿದ್ದವರು. ಆದರೆ ಈ ಆಟವನ್ನು ಹುಟ್ಟಿಸಿದ್ದು ಶ್ರೀಮಂತರ ಹುಲ್ಲುಹಾಸಲ್ಲ. ಬಿರುಗಾಳಿ ಬೀಸುವ, ಕುರಿ ಮೇಯುವ, ಬೆಳೆ ಬಾರದ ಒಂದು ಊರ ಬಯಲು ಹುಟ್ಟಿಸಿದ್ದು. ಆ ಬಯಲನ್ನು ಆ ಊರಿನವರು ಹೇಗೆ ಕಳೆದುಕೊಂಡರು, ಹೇಗೆ ಮತ್ತೆ ಪಡೆದರು ಅನ್ನುವುದನ್ನು ಓದಿದ ಮೇಲೆ ಇದು ನಮ್ಮ ಗೋಮಾಳದ ಕತೆಯೂ ಹೌದು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗಾಳಿಯ ಮಾತು, ಆಮೇಲೆ ಬಯಲಿನ ಮಾತು.

ನಿಂಬೆಹಣ್ಣಿನಷ್ಟು ಚೆಂಡು

ಗಾಲ್ಫ್ ಆಟ ಹೇಳುವುದಕ್ಕೆ ಸುಲಭ. ಒಂದು ಕೋಲು, ಒಂದು ಚೆಂಡು, ದೂರದಲ್ಲಿ ಒಂದು ಕುಳಿ. ಎಷ್ಟು ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕುತ್ತೀರೋ ಅಷ್ಟು ಮೇಲು. ಇಂಥ 18 ಕುಳಿ ಮುಗಿಸಿದರೆ ಒಂದು ಸುತ್ತು. ಕುಳಿಯ ಅಗಲ 108 ಮಿಲಿಮೀಟರ್, ನಮ್ಮ ಮನೆಯ ದೊಡ್ಡ ಲೋಟದ ಬಾಯಿಗಿಂತ ಸ್ವಲ್ಪ ಹೆಚ್ಚು.

ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಅಂದರೆ ಹೆಚ್ಚುಕಡಿಮೆ ಒಂದು ನಿಂಬೆಹಣ್ಣು. ಆ ನಿಂಬೆಹಣ್ಣನ್ನು ಇನ್ನೂರು ಇನ್ನೂರೈವತ್ತು ಮೀಟರ್ ದೂರ ಹೊಡೆಯಬೇಕು. ಚೆಂಡು ಐದಾರು ಸೆಕೆಂಡು ಮೇಲೆಯೇ ಇರುತ್ತದೆ. ಆ ಐದಾರು ಸೆಕೆಂಡು ಅದು ಆಟಗಾರನ ಕೈಯಲ್ಲಿಲ್ಲ, ಗಾಳಿಯ ಕೈಯಲ್ಲಿದೆ.

ಚೆಂಡಿನ ಮೈಮೇಲೆ ಸಿಡುಬಿನ ಕಲೆಯಂಥ ಗುಳಿಗಳನ್ನು ನೋಡಿರುತ್ತೀರಿ. ಅವು ಅಂದಕ್ಕೆ ಮಾಡಿದ್ದಲ್ಲ. ಹಿಂದೆ ಚೆಂಡು ನುಣುಪಾಗಿ ಇರುತ್ತಿತ್ತು. ಹೊಡೆದು ಹೊಡೆದು ಗಾಯವಾದ ಹಳೇ ಚೆಂಡು ಹೊಸ ಚೆಂಡಿಗಿಂತ ದೂರ ಹೋಗುವುದನ್ನು ಆಡುವವರೇ ಕಂಡುಕೊಂಡರು. ಗುಳಿಗಳಿದ್ದರೆ ಗಾಳಿ ಚೆಂಡಿನ ಮೈಗೆ ಅಂಟಿಕೊಂಡು ಹರಿಯುತ್ತದೆ, ಹಿಂದಿನಿಂದ ಎಳೆಯುವ ಸೆಳೆತ ಕಡಿಮೆಯಾಗುತ್ತದೆ.

ಕೋಲು ತಗುಲಿದಾಗ ಚೆಂಡು ಹಿಮ್ಮುಖವಾಗಿ ಗಿರಗಿರ ತಿರುಗುತ್ತದೆ. ಆ ತಿರುಗುವಿಕೆಯೇ ಚೆಂಡನ್ನು ಮೇಲಕ್ಕೆ ಎತ್ತಿ ಹಿಡಿಯುವುದು. ಎದುರು ಗಾಳಿ ಇದ್ದಾಗ ಇದೇ ಶತ್ರುವಾಗುತ್ತದೆ. ಚೆಂಡು ಮುಂದೆ ಹೋಗುವ ಬದಲು ಗಾಳಿಪಟದ ಹಾಗೆ ಮೇಲೆ ಮೇಲೆ ಏರಿ, ಶಕ್ತಿ ಕಳೆದುಕೊಂಡು ಹತ್ತಿರದಲ್ಲೇ ಬಿದ್ದುಬಿಡುತ್ತದೆ. ಇನ್ನೂ ಒಂದು ಸಂಗತಿ: ಎದುರು ಗಾಳಿ ಕಿತ್ತುಕೊಳ್ಳುವಷ್ಟನ್ನು ಬೆನ್ನ ಗಾಳಿ ಕೊಡುವುದಿಲ್ಲ. ಮಳೆ ನಂಬಿ ಒಕ್ಕಲುತನ ಮಾಡುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಕಣದ ವಿದ್ಯೆ

ಗಾಳಿ ಜೋರಿದ್ದಾಗ ಆಡುವುದು ಹೇಗೆ? ಕಲಿಸುವವರು ಹೇಳುವುದು ನಾಲ್ಕೈದು ಮಾತು.

ಒಂದು, ಕಾಲು ಅಗಲಿಸಿ ಗಟ್ಟಿಯಾಗಿ ನಿಲ್ಲು. ಗಾಳಿ ಮೈಯನ್ನೇ ಅಲ್ಲಾಡಿಸುತ್ತಿರುವಾಗ ಕೋಲು ನೆಟ್ಟಗೆ ಬರುವುದಿಲ್ಲ.

ಎರಡು, ಸಿಟ್ಟಿನಿಂದ ಹೊಡೆಯಬೇಡ. ಗಾಳಿ ಜೋರಾದಷ್ಟೂ ಕೈ ಮೆತ್ತಗಿರಲಿ. ಜೋರಾಗಿ ಹೊಡೆದರೆ ಚೆಂಡು ಇನ್ನೂ ಹೆಚ್ಚು ತಿರುಗುತ್ತದೆ, ಇನ್ನೂ ಮೇಲೇರುತ್ತದೆ, ಗಾಳಿಗೆ ಇನ್ನೂ ಸಿಕ್ಕಿಬೀಳುತ್ತದೆ. ಮಾಮೂಲಿಗಿಂತ ಹೆಚ್ಚು ದೂರ ಹೋಗುವ ಕೋಲು ತಗೊಂಡು ಅರ್ಧ ಬೀಸಿನಲ್ಲಿ ಹೊಡೆ.

ಮೂರು, ಚೆಂಡು ತಗ್ಗಿನಲ್ಲಿ ಹೋಗಲಿ. ಮೇಲೆ ಗಾಳಿ ಹೆಚ್ಚು, ನೆಲದ ಹತ್ತಿರ ಕಡಿಮೆ. ಚೆಂಡನ್ನು ಹಿಂದಿನ ಕಾಲಿನ ಕಡೆಗೆ ಇಟ್ಟುಕೊಂಡು ಹೊಡೆದರೆ ತಗ್ಗಾಗಿ ನುಗ್ಗುತ್ತದೆ, ಬಿದ್ದ ಮೇಲೂ ಉರುಳುತ್ತದೆ.

ನಾಲ್ಕು, ಅಡ್ಡ ಗಾಳಿ ಇದ್ದರೆ ಗುರಿಗೆ ನೇರ ಹೊಡೆಯಬೇಡ. ಪಕ್ಕಕ್ಕೆ ಹೊಡೆ, ಗಾಳಿಯೇ ತಂದು ಗುರಿಗೆ ಮುಟ್ಟಿಸುತ್ತದೆ.

ಇದೆಲ್ಲಕ್ಕೂ ಮುಂಚೆ ಆಟಗಾರ ಒಂದು ಕೆಲಸ ಮಾಡುತ್ತಾನೆ. ಬಗ್ಗಿ ಒಂದು ಚಿಟಿಕೆ ಹುಲ್ಲು ಕಿತ್ತು, ಎದೆಯೆತ್ತರಕ್ಕೆ ಹಿಡಿದು ಬಿಡುತ್ತಾನೆ. ಹುಲ್ಲು ಯಾವ ಕಡೆ, ಎಷ್ಟು ದೂರ ಹಾರುತ್ತದೆ ನೋಡುತ್ತಾನೆ. ಆಮೇಲೆ ತಲೆ ಎತ್ತಿ ದೂರದ ಮರದ ತುದಿ, ಕುಳಿಯಲ್ಲಿ ನೆಟ್ಟ ಬಾವುಟ ನೋಡುತ್ತಾನೆ. ಇಲ್ಲಿ ಬೀಸುವ ಗಾಳಿ ಬೇರೆ, ಅಲ್ಲಿ ಬೀಸುವ ಗಾಳಿ ಬೇರೆ ಇರಬಹುದಲ್ಲ!

ಮಂಡಿಪೇಟೆಯಲ್ಲಿ ಕಾಳು ಕಡಿ ಅಂಗಡಿ ಮುಂದೆ ಚೀಲ ಇಳಿಸಿ ಕೂತಿದ್ದ ಹಿರಿಯ ಹಮಾಲರೊಬ್ಬರಿಗೆ ಈ ವಿಡಿಯೊ ತೋರಿಸಿದೆ. ಚೆಂಡು ಹೊಡೆದದ್ದನ್ನು ಅವರು ಅಷ್ಟಾಗಿ ನೋಡಲಿಲ್ಲ. ಹುಲ್ಲು ಹಾರಿಸಿದ್ದನ್ನು ಮಾತ್ರ ಮತ್ತೊಂದು ಸಲ ಹಾಕಿಸಿಕೊಂಡು ನೋಡಿದರು.

'ಇದ್ರಾಗೇನೈತಿ ತಮ್ಮಾ, ರಾಶಿ ತೂರೋಕ್ ಮುಂಚೆ ನಾವೂ ಹಿಂಗೇ ಹಿಡಿ ಹೊಟ್ಟು ಹಾರ್ಸಿ ನೋಡ್ತಿದ್ವಲ್ಲ' ಅಂದರು. 'ಗಾಳಿ ಜೋರಾತು ಅಂತ ಮೊರ ಜೋರಾಗಿ ಆಡಿಸಿದ್ರೆ ಕಾಳೂ ಹೊಟ್ಟಿನ ಸಂಗಾಟ ಹೋಗ್ತಾವ. ಗಾಳಿ ಜೋರಿದ್ರೆ ಮೊರ ತಗ್ಗಿಸ್ಬೇಕು.'

ನೋಡಿ, ಗಾಲ್ಫ್ ಕೋಚ್ ಹೇಳುವ ಎರಡನೇ ಪಾಠವೂ ಮೂರನೇ ಪಾಠವೂ ಅವರ ಬಾಯಲ್ಲಿ ಬಂತು. ಯಾವ ಕ್ಲಬ್ಬಿನ ಮೆಟ್ಟಿಲೂ ಹತ್ತದ ಮನುಷ್ಯ.

ಇದರಲ್ಲಿ ಆಶ್ಚರ್ಯ ಪಡುವುದೇನೂ ಇಲ್ಲ. ನಮ್ಮದು ಬಯಲುಸೀಮೆಯ ಅಂಚು. ಆಷಾಢ ಬಂತೆಂದರೆ ಮಲೆನಾಡಿನಲ್ಲಿ ಮಳೆ ಸುರಿಸಿ ಹಗುರಾದ ಗಾಳಿ ಇಲ್ಲಿ ಒಣಗಾಳಿಯಾಗಿ ದಿನವಿಡೀ ಬೀಸುತ್ತದೆ. ಚಿತ್ರದುರ್ಗದ ಕಡೆ ಹೈವೇಯಲ್ಲಿ ಹೋದರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಕಂಪನಿಯವರು ಅಳೆದು ತೂಗಿಯೇ ಅವನ್ನು ಅಲ್ಲಿ ನೆಟ್ಟಿದ್ದಾರೆ. ಇಂಥ ಗಾಳಿಯಲ್ಲಿ ಚಿನ್ನಿದಾಂಡು ಆಡಿದ ಹುಡುಗನಿಗೆ ಎದುರು ಗಾಳಿಗೆ ಚಿನ್ನಿಯನ್ನು ಎತ್ತಿ ಹೊಡೆಯಬಾರದು ಅನ್ನುವುದು ಯಾರೂ ಹೇಳಿಕೊಡದೆ ಗೊತ್ತಿರುತ್ತದೆ. ಗಾಳಿಪಟ ಹಾರಿಸಿದ ಹುಡುಗಿಗೆ ಯಾವಾಗ ದಾರ ಬಿಡಬೇಕು, ಯಾವಾಗ ಜಗ್ಗಬೇಕು ಅನ್ನುವುದು ಬೆರಳಿಗೇ ಗೊತ್ತಿರುತ್ತದೆ.

ನಮ್ಮ ದಾವಣಗೆರೆಯಲ್ಲೇ ಹುಟ್ಟಿದ ವಿನಯ್ ಕುಮಾರ್ ಅವರನ್ನು ನೆನಪಿಸಿಕೊಳ್ಳಿ. 'ದಾವಣಗೆರೆ ಎಕ್ಸ್‌ಪ್ರೆಸ್' ಅನ್ನಿಸಿಕೊಂಡರೂ ಅವರ ಬೌಲಿಂಗ್ ನಿಂತಿದ್ದು ವೇಗಕ್ಕಿಂತ ಹೆಚ್ಚಾಗಿ ಸ್ವಿಂಗ್ ಮೇಲೆ. 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಅವರು. ಸ್ವಿಂಗ್ ಅಂದರೆ ಇನ್ನೇನು? ಗಾಳಿಯ ಜೊತೆ ಒಂದು ಒಪ್ಪಂದ ಅಷ್ಟೇ.

ನಮ್ಮವರು ಆಡಿ ತೋರಿಸಿದ್ದಾರೆ

ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೆ ಅದು ಬಹುಕಾಲ ಬ್ರಿಟಿಷ್ ಅಧಿಕಾರಿಗಳ, ಆಮೇಲೆ ದೊಡ್ಡವರ ಆಟವಾಗಿಯೇ ಉಳಿಯಿತು.

2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆದಾಗ ಬೆಂಗಳೂರಿನ ಅದಿತಿ ಅಶೋಕ್ ದೇಶವನ್ನೇ ಬೆಳಗಿನ ಜಾವ ಎಬ್ಬಿಸಿ ಕೂರಿಸಿದರು. ಆಗ ಅವರ ವಿಶ್ವ ಶ್ರೇಯಾಂಕ 200. ದೂರ ಹೊಡೆಯುವವರ ಸಾಲಿನಲ್ಲಿ ಅವರು ಇರಲಿಲ್ಲ. ಚೆಂಡನ್ನು ಗುರಿಯಲ್ಲಿ ಇಡುವ, ಕುಳಿಯ ಹತ್ತಿರ ತಣ್ಣಗೆ ಆಡುವ ಆಟ ಅವರದು. ಮೂರು ಸುತ್ತು ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಕೊನೇ ದಿನ ಚಂಡಮಾರುತದ ಭಯ, ನಡುವೆ ಗುಡುಗು ಮಿಂಚಿಗೆ ಆಟ ನಿಂತು ಮತ್ತೆ ಶುರುವಾಯಿತು. ಕಡೆಗೆ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ. ಅವರ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ.

2022ರ ಮಾರ್ಚಿನಲ್ಲಿ ಅಮೆರಿಕದ ಪ್ಲೇಯರ್ಸ್ ಚಾಂಪಿಯನ್‌ಶಿಪ್ ನಡೆಯಿತು. ಮಳೆಗೆ ಆಟ ನಿಂತು ನಿಂತು, ನಾಲ್ಕು ದಿನದ ಪಂದ್ಯ ಐದನೇ ದಿನಕ್ಕೆ ಎಳೆಯಿತು. ಶನಿವಾರ ಬೀಸಿದ ಗಾಳಿಗೆ ನೀರಿನ ನಡುವಿನ ದ್ವೀಪದಂಥ 17ನೇ ಕುಳಿಯಲ್ಲಿ ಜಗತ್ತಿನ ಹೆಸರಾಂತ ಆಟಗಾರರ ಚೆಂಡುಗಳೂ ಸಾಲುಸಾಲಾಗಿ ನೀರಿಗೆ ಬಿದ್ದವು. ಆ ಪಂದ್ಯದಲ್ಲಿ ಕೇವಲ ಒಂದು ಹೊಡೆತದ ಅಂತರದಲ್ಲಿ ಎರಡನೆಯವರಾಗಿ ಬಂದದ್ದು ಅನಿರ್ಬನ್ ಲಾಹಿರಿ. ಬೆಂಗಳೂರಿನಲ್ಲಿ ಕೋಚ್ ವಿಜಯ್ ದಿವೇಚಾ ಅವರ ಕೈಕೆಳಗೆ ಪಳಗಿದವರು.

ನಮ್ಮ ಓದುಗರು ನೆನಪಿಡಬೇಕಾದ ಹೆಸರು ಮಾತ್ರ ಇನ್ನೊಂದು: ಎಸ್. ಚಿಕ್ಕರಂಗಪ್ಪ. ಬಿಡದಿ ಹತ್ತಿರದ ಹಳ್ಳಿಯ ಬಡ ಮನೆಯ ಹುಡುಗ. ಪಕ್ಕದಲ್ಲೇ ಈಗಲ್‌ಟನ್ ಗಾಲ್ಫ್ ಮೈದಾನ ಇತ್ತು. ಅಲ್ಲಿಗೆ ಹೋಗಿ ಬಂದು ಮಾಡುತ್ತ ಆಟಕ್ಕೆ ಬಿದ್ದ, ಅದೇ ದಿವೇಚಾ ಅವರ ಕಣ್ಣಿಗೂ ಬಿದ್ದ. ಮುಂದೆ ವೃತ್ತಿಪರ ಆಟಗಾರನಾಗಿ ದೇಶದ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದರು.

ಅವರಲ್ಲಿ ಪ್ರತಿಭೆ ಇತ್ತು, ನಿಜ. ಆದರೆ ಪ್ರತಿಭೆಗೆ ಮುಂಚೆ ಇನ್ನೊಂದು ಇತ್ತು. ಮನೆ ಹತ್ತಿರ ಒಂದು ಬಯಲು. ಅದೇ ವಯಸ್ಸಿನ, ಅದೇ ಕೈಚಳಕದ ಹುಡುಗ ಹರಿಹರದಾಚೆಯ ಯಾವುದೋ ಊರಲ್ಲಿದ್ದರೆ ಅವನಿಗೆ ತನ್ನ ಕೈಯಲ್ಲಿ ಏನಿದೆ ಅಂತ ಗೊತ್ತಾಗುವುದೇ ಇಲ್ಲ. ಗಾಲ್ಫ್ ಬಿಡಿ, ಭರ್ಜಿ ಎಸೆತವಿರಲಿ, ಚಕ್ರ ಎಸೆತವಿರಲಿ, ಕಬಡ್ಡಿ ಇರಲಿ, ಎಲ್ಲಕ್ಕೂ ಇದೇ ಮಾತು.

ಗಾಳಿ ಮಾಡಿದ್ದಕ್ಕೆ ದಂಡ ಇಲ್ಲ

ಗಾಳಿಯನ್ನು ದೂರುತ್ತ ಕೂರುವ ಆಟವಲ್ಲ ಇದು. ಬೆಳಿಗ್ಗೆ ಆಡಿದವನಿಗೆ ತಂಪು ಹೊತ್ತು, ಮಧ್ಯಾಹ್ನ ಆಡಿದವನಿಗೆ ಬಿರುಗಾಳಿ ಸಿಗಬಹುದು. 2010ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓಪನ್ ಪಂದ್ಯ ನಡೆದಾಗ ರೋರಿ ಮೆಕಿಲ್‌ರಾಯ್ ಮೊದಲ ದಿನ 63 ಹೊಡೆತದಲ್ಲಿ ಸುತ್ತು ಮುಗಿಸಿದರು. ಮಾರನೇ ದಿನ ಗಾಳಿ ಎದ್ದಿತು. ಅದೇ ಮನುಷ್ಯ, ಅದೇ ಮೈದಾನ, 80 ಹೊಡೆತ. ಯಾರೂ ಆ ಸುತ್ತನ್ನು ಅಳಿಸಿ ಮತ್ತೆ ಆಡಿಸಲಿಲ್ಲ.

ಆದರೆ ಗಾಳಿಗೂ ಒಂದು ಎಲ್ಲೆ ಇದೆ. 2015ರ ಜುಲೈ 18ರಂದು ಅದೇ ಮೈದಾನದಲ್ಲಿ, ನುಣುಪಾಗಿ ಕತ್ತರಿಸಿದ ಹುಲ್ಲಿನ ಮೇಲೆ ಇಟ್ಟ ಚೆಂಡು ನಿಲ್ಲದೆ ತಾನೇ ಉರುಳಿ ಹೋಗತೊಡಗಿತು. ಸುಮಾರು ಹತ್ತೂವರೆ ಗಂಟೆ ಆಟ ನಿಲ್ಲಿಸಿದರು. ಭಾನುವಾರ ಮುಗಿಯಬೇಕಿದ್ದ ಪಂದ್ಯ ಸೋಮವಾರ ಮುಗಿಯಿತು.

ಇಲ್ಲಿ ಒಂದು ನಿಯಮದ ಕತೆ ಇದೆ. ಹಿಂದೆ ಆಟಗಾರ ಚೆಂಡಿನ ಹಿಂದೆ ಕೋಲು ಇಟ್ಟು ಸಿದ್ಧನಾದ ಮೇಲೆ ಚೆಂಡು ಅಲ್ಲಾಡಿದರೆ ಅವನಿಗೇ ಒಂದು ಹೊಡೆತದ ದಂಡ. ಗಾಳಿಯೇ ಅಲ್ಲಾಡಿಸಿದ್ದರೂ ದಂಡ ಅವನಿಗೇ. ಇದು ಅನ್ಯಾಯ ಅಂತ ಆಟಗಾರರು ವರ್ಷಗಟ್ಟಲೆ ಹೇಳಿದರು. 2012ರಲ್ಲಿ ನಿಯಮ ಬದಲಾಯಿತು. ಆಟಗಾರ ಅಲ್ಲಾಡಿಸಲಿಲ್ಲ ಅನ್ನುವುದು ಸ್ಪಷ್ಟವಿದ್ದರೆ ದಂಡ ಇಲ್ಲ.

ಗಾಳಿ ಮಾಡಿದ್ದು ಗಾಳಿಯದು, ಮನುಷ್ಯ ಮಾಡಿದ್ದು ಮನುಷ್ಯನದು. ಎಂಥ ಸರಳ ನ್ಯಾಯ! ಈ ನ್ಯಾಯವನ್ನು ಹಿಡಿದುಕೊಂಡೇ ಈಗ ಬಯಲಿನ ಮಾತಿಗೆ ಬರುತ್ತೇನೆ.

ಕುರಿ ಮೇದ ಬಯಲು

ಸೇಂಟ್ ಆಂಡ್ರೂಸ್ ಸಮುದ್ರದ ದಡದ ಊರು. ದಡಕ್ಕೂ ಹೊಲಗಳಿಗೂ ನಡುವೆ ಮರಳು ಮಿಶ್ರಿತ, ಉಬ್ಬುತಗ್ಗಿನ ಬಯಲು. ಉಳುವುದಕ್ಕೆ ಬಾರದು. ಸದಾ ಸಮುದ್ರದ ಗಾಳಿ. ಕುರಿ, ಮೊಲ ಮೇಯುತ್ತಿದ್ದವು, ಊರಿನವರು ಬಟ್ಟೆ ಒಣಗಿಸುತ್ತಿದ್ದರು, ಬಿಡುವಿದ್ದಾಗ ಚೆಂಡು ಹೊಡೆಯುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗೋಮಾಳ.

ಇವತ್ತು ಗಾಲ್ಫ್ ಮೈದಾನದಲ್ಲಿ ಕಾಣುವ ಮರಳು ಗುಂಡಿಗಳು, ಬಂಕರ್ ಅನ್ನುತ್ತಾರಲ್ಲ, ಅವು ಹುಟ್ಟಿದ್ದು ಕುರಿಗಳಿಂದ ಅನ್ನುವ ಮಾತು ಅಲ್ಲಿ ಇದೆ. ಗಾಳಿ ತಡೆಯಲಾರದೆ ಕುರಿಗಳು ತಗ್ಗಿನಲ್ಲಿ ಒತ್ತಾಗಿ ಮಲಗಿ, ಹುಲ್ಲು ಸವೆದು ಮರಳು ಕಂಡಿತಂತೆ. ನಮ್ಮ ಕುರಿಗಾರರು ಇದನ್ನು ಕೇಳಿದರೆ ತಲೆದೂಗುತ್ತಾರೆ.

1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಒಂದು ಪತ್ರ ಬರೆಸಿಕೊಟ್ಟರು. ಆ ಬಯಲಲ್ಲಿ ಗಾಲ್ಫ್, ಫುಟ್‌ಬಾಲ್ ಆಡುವ, ಬಾಣ ಬಿಡುವ ಹಕ್ಕು ಊರ ಜನರದು ಅಂತ. ಹಕ್ಕು ಕಾಗದದ ಮೇಲೆ ಬಂತು. ಆದರೆ ಕಾಗದವೊಂದೇ ಕಾಯುವುದಿಲ್ಲ ಅನ್ನುವುದೂ ಅಲ್ಲೇ ಗೊತ್ತಾಯಿತು.

1797ರಲ್ಲಿ ಊರಿನ ಆಡಳಿತ ದಿವಾಳಿಯಾಯಿತು. ಸಾಲ ತೀರಿಸಲು ಬಯಲನ್ನು ವ್ಯಾಪಾರಿಗಳಿಗೆ ಕೊಟ್ಟರು. ಅವರು ಅಲ್ಲಿ ಮೊಲ ಸಾಕಣೆ ಶುರು ಮಾಡಿದರು. ಮೊಲಗಳು ನೆಲ ತೋಡಿ ತೋಡಿ ಆಟದ ಬಯಲು ಗುಂಡಿ ಬಿತ್ತು. ಆಡುವವರಿಗೂ ಮೊಲದವರಿಗೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಜಗಳ, ಕೋರ್ಟು, ಕೈಕೈ ಮಿಲಾಯಿಸಿದ್ದೂ ಉಂಟು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಆ ನೆಲ ಕೊಂಡು ಆಟಕ್ಕೆ ಉಳಿಸಿದರು. 1894ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಕಾಯ್ದೆಯನ್ನೇ ಮಾಡಿತು. ಬಯಲು ಮತ್ತೆ ಊರಿನ ಕೈಗೆ ಬಂತು.

ಇವತ್ತು ಅದು ಜಗತ್ತಿನ ಅತಿ ಹೆಸರಾಂತ ಗಾಲ್ಫ್ ಮೈದಾನ. ಆದರೂ ಅದು ಖಾಸಗಿ ಕ್ಲಬ್ಬಿನದಲ್ಲ, ಸಾರ್ವಜನಿಕರದು. ಊರಿನವರಿಗೆ ಕಡಿಮೆ ದರದ ವಾರ್ಷಿಕ ಪಾಸು ಇದೆ. ಭಾನುವಾರ ಹಳೇ ಮೈದಾನದಲ್ಲಿ ಸಾಮಾನ್ಯವಾಗಿ ಆಟವೇ ಇಲ್ಲ. ಅಂದು ಊರಿನವರು ಮಕ್ಕಳನ್ನು, ನಾಯಿಯನ್ನು ಕರೆದುಕೊಂಡು ಅದರ ಮೇಲೆ ಓಡಾಡುತ್ತಾರೆ. ಜಗತ್ತಿನ ದೊಡ್ಡ ಆಟಗಾರ ಸೋಮವಾರ ಬರಬೇಕು.

ನಮ್ಮಲ್ಲಿ ಉಲ್ಟಾ ಆಯಿತು. ಬಯಲಿನ ಆಟ ನಮ್ಮ ದೇಶಕ್ಕೆ ಬರುವಾಗ ಕಾಂಪೌಂಡು ಕಟ್ಟಿಕೊಂಡು ಬಂತು. 18 ಕುಳಿಯ ಒಂದು ಮೈದಾನಕ್ಕೆ ನೂರು, ನೂರೈವತ್ತು ಎಕರೆ ಬೇಕು, ಮೇಲೆ ನೀರು ಬೇಕು. ಹಾಗಾಗಿ ನಮ್ಮ ಜಿಲ್ಲೆಗೊಂದು ಗಾಲ್ಫ್ ಮೈದಾನ ಕೊಡಿ ಅಂತ ನಾನು ಕೇಳುತ್ತಿಲ್ಲ. ಬೇಡವೇ ಬೇಡ. ಆ ಆಟ ಹುಟ್ಟಿದ ಊರಿನವರ ಹಟ ಇದೆಯಲ್ಲ, ಅದು ನಮಗೆ ಬೇಕು.

ತೂರಿಕೊಂಡವರು ಯಾರು?

'ಗಾಳಿ ಬಂದಾಗ ತೂರಿಕೋ' ಅಂತ ಗಾದೆ. ಕಣದಲ್ಲಿ ಹುಟ್ಟಿದ ಮಾತು. ಅದನ್ನು ಇವತ್ತು ಚೆನ್ನಾಗಿ ಪಾಲಿಸುತ್ತಿರುವವರು ಕಣದಲ್ಲಿಲ್ಲ. ರಸ್ತೆ ಅಗಲವಾಗುತ್ತದೆ, ಬೈಪಾಸ್ ಬರುತ್ತದೆ ಅಂದ ಕೂಡಲೇ ಊರ ಬಯಲಿಗೆ ಬೇಲಿ ಹಾಕುವವರಲ್ಲಿದ್ದಾರೆ.

ಕಾನೂನು ಏನು ಹೇಳುತ್ತದೆ ನೋಡಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಗೋಮಾಳದಂಥ ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಜಮೀನು ಕಾಯ್ದಿರಿಸಬಹುದು. ಕಾಯ್ದಿರಿಸಿದ ಜಮೀನನ್ನು ಜಿಲ್ಲಾಧಿಕಾರಿ ಅನುಮತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. 1966ರ ನಿಯಮಗಳ 97ನೇ ನಿಯಮ ಲೆಕ್ಕವನ್ನೂ ಕೊಟ್ಟಿದೆ: ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಲು ಯೋಜನೆ ರೂಪಿಸಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿತು.

ಅಂದರೆ ನಮ್ಮ ಹತ್ತಿರವೂ ಕಾಗದ ಇದೆ. 1552ರ ಪತ್ರದಂತೆಯೇ.

ಇಲ್ಲಿ ಒಂದು ಎಚ್ಚರ ಬೇಕು. ಗೋಮಾಳದ ಮಾತು ಎತ್ತಿದ ಕೂಡಲೇ ಏಟು ಬೀಳುವುದು ಬಡವರಿಗೆ. ಗೋಮಾಳದ ಅಂಚಿನಲ್ಲಿ ಎರಡು ಎಕರೆ ಹಸನು ಮಾಡಿಕೊಂಡು, ಬಗರ್ ಹುಕುಂ ಅಂತ ಫಾರಂ 50, 53, 57 ಹಾಕಿ, ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆಯುತ್ತಿರುವ ಕುಟುಂಬಗಳಿವೆ. ಜಮೀನೇ ಇಲ್ಲದ ಆ ಕುಟುಂಬವನ್ನೂ, ಇಪ್ಪತ್ತು ಎಕರೆ ಇದ್ದು ಇನ್ನೈದು ಎಕರೆ ಗೋಮಾಳ ಸೇರಿಸಿಕೊಂಡವರನ್ನೂ, ಸೈಟು ಮಾಡಿ ಮಾರಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಊರ ಬಯಲು ಉಳಿಸಬೇಕು ಅನ್ನುವವರು ಮೊದಲು ಈ ವ್ಯತ್ಯಾಸ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ದೊಡ್ಡವರು ಬಡವರ ಬೆನ್ನಿಗೆ ಅಡಗಿಕೊಂಡು ಪಾರಾಗುತ್ತಾರೆ.

ಶಾಲೆಯ ಮೈದಾನದ ಕತೆಯೂ ಇದೇ. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕ್, ಇನ್ನೊಂದು ಮೂಲೆಯಲ್ಲಿ ಅಂಗನವಾಡಿ, ಮತ್ತೊಂದು ಮೂಲೆಯಲ್ಲಿ ಸಮುದಾಯ ಭವನ. ಪ್ರತಿಯೊಂದೂ ಬೇಕಾದದ್ದೇ, ಯಾವುದನ್ನೂ ಬೇಡ ಅನ್ನಲಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಉಳಿದ ಜಾಗದಲ್ಲಿ ವಾಲಿಬಾಲ್ ಕಂಬ ನೆಡುವುದಕ್ಕೂ ಜಾಗ ಸಾಲದು. ಆಮೇಲೆ ನಾವೇ ಹೇಳುತ್ತೇವೆ, ಈಗಿನ ಹುಡುಗರು ಬರೀ ಮೊಬೈಲ್ ಹಿಡಿದು ಕೂರುತ್ತವೆ ಅಂತ. ಎಲ್ಲಿಗೆ ಹೋಗಬೇಕು ಅವು?

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಗಂಡುಹುಡುಗರು ರಸ್ತೆಯಲ್ಲೋ ಕೆರೆ ಅಂಗಳದಲ್ಲೋ ಆಡಿಕೊಳ್ಳುತ್ತಾರೆ. ಹುಡುಗಿ ಆಡುವುದಿದ್ದರೆ ಶಾಲೆಯ ಮೈದಾನದಲ್ಲಿ, ಮೇಷ್ಟ್ರ ಕಣ್ಣಳತೆಯಲ್ಲಿ. ಆ ಮೈದಾನ ಹೋದರೆ ಅವಳ ಆಟವೂ ಹೋಯಿತು. ಎಷ್ಟು ಅದಿತಿಯರು ಹೀಗೆ ಏಳನೇ ಕ್ಲಾಸಿಗೇ ಆಟ ನಿಲ್ಲಿಸಿದರೋ, ಲೆಕ್ಕ ಇಟ್ಟವರು ಯಾರು?

ಏನು ಮಾಡಬಹುದು

ದೊಡ್ಡ ಹೋರಾಟ ಆಮೇಲೆ. ಮೊದಲ ಕೆಲಸ ಚಿಕ್ಕದು, ಮೊಬೈಲ್ ಕೈಯಲ್ಲಿರುವ ಯಾರಾದರೂ ಶುರು ಮಾಡಬಹುದು.

ನಿಮ್ಮೂರಿನ ಗೋಮಾಳದ ಸರ್ವೆ ನಂಬರ್ ಯಾವುದು ಅಂತ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಆ ನಂಬರಿನ ಪಹಣಿ ತೆಗೆಸಿ. ಒಟ್ಟು ವಿಸ್ತೀರ್ಣ ಎಷ್ಟು, ಯಾರ ಹೆಸರು ಕೂತಿದೆ, ಎಷ್ಟು ಉಳಿದಿದೆ ನೋಡಿ. ಗ್ರಾಮ ನಕ್ಷೆಯ ಜೊತೆ ಹೊಂದಿಸಿ, ಒಂದು ಸಲ ನಡೆದುಕೊಂಡು ಹೋಗಿ ಬನ್ನಿ. ಕಾಗದದಲ್ಲಿ ಇರುವ ಬಯಲು ಕಣ್ಣಿಗೆ ಕಾಣದಿದ್ದರೆ ಅದೇ ಸುದ್ದಿ. ನಮಗೆ ಬರೆದು ಕಳಿಸಿ.

ಶಾಲೆಯ ಜಾಗ ಶಾಲೆಯ ಹೆಸರಿಗೆ ಆಗಿದೆಯೇ ಅಂತ ಶಾಲಾ ಅಭಿವೃದ್ಧಿ ಸಮಿತಿಯವರು ಕೇಳಿ ತಿಳಿದುಕೊಳ್ಳಲಿ. ಹಿಂದೆ ದಾನಿಗಳು ಬಾಯಿಮಾತಲ್ಲಿ ಕೊಟ್ಟ ಜಾಗ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯವಾಗುವುದನ್ನು ನೋಡುತ್ತಲೇ ಇದ್ದೇವೆ.

ಗ್ರಾಮಸಭೆಯಲ್ಲಿ ಮನೆ, ಚರಂಡಿ, ದನದ ಕೊಟ್ಟಿಗೆ ಪಟ್ಟಿ ಓದುವಾಗ ಒಂದು ಸಾಲು ಸೇರಿಸಲು ಹೇಳಿ: ಊರಿಗೆ ಒಂದು ಬಯಲು, ಅಳತೆ ಮಾಡಿ, ಗಡಿಕಲ್ಲು ನೆಟ್ಟು. ನರೇಗಾದಲ್ಲಿ ಶಾಲೆ ಮೈದಾನ ಮಾಡಿಕೊಂಡ ಊರುಗಳು ನಮ್ಮ ರಾಜ್ಯದಲ್ಲೇ ಇವೆ. ನಡಾವಳಿಯಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ. ಮುಂದಿನ ಸಭೆಯಲ್ಲಿ ಏನಾಯಿತು ಅಂತ ಕೇಳಿ. ಸೇಂಟ್ ಆಂಡ್ರೂಸ್‌ನವರು ಬಯಲು ವಾಪಸ್ ಪಡೆಯುವುದಕ್ಕೆ ಸುಮಾರು ನೂರು ವರ್ಷ ಕೇಳಿದರು. ನಾವು ನಾಲ್ಕು ಗ್ರಾಮಸಭೆಯಾದರೂ ಕೇಳೋಣ.

ಸಿಂಥೆಟಿಕ್ ಟ್ರ್ಯಾಕ್ ಬೇಡ, ಗ್ಯಾಲರಿ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಕಲ್ಲು ಮುಳ್ಳು ಆಯ್ದ ಎರಡು ಎಕರೆ ಸಾಕು. ದನ ಮೇಯಲಿ, ಸುಗ್ಗಿಯಲ್ಲಿ ಯಾರಾದರೂ ರಾಶಿ ಒಣಗಿಸಲಿ, ಸಂಜೆ ಮಕ್ಕಳು ಆಡಲಿ. ಬಯಲು ಅಂದರೆ ಅದೇ.

ಗಾಳಿ ಕೆಟ್ಟಿತು ಅಂತ ಸೋತ ಆಟಗಾರನನ್ನು ಯಾರೂ ಬೈಯುವುದಿಲ್ಲ. ಬಿರುಗಾಳಿಗೆ ಮೆಕ್ಕೆಜೋಳ ಮಲಗಿದರೆ ಅದು ಒಕ್ಕಲಿಗನ ತಪ್ಪಲ್ಲ. ಆದರೆ ಊರ ಬಯಲು ಗಾಳಿಗೆ ಹಾರಿಹೋಗುವುದಿಲ್ಲ. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ಒಂದೊಂದೇ ಕಂಬ ನೆಟ್ಟು, ಒಂದೊಂದೇ ಸಹಿ ಹಾಕಿ ಅದನ್ನು ಕಳೆಯುತ್ತಾರೆ. ಗಾಳಿ ಮಾಡಿದ್ದಕ್ಕೆ ದಂಡ ಬೇಡ. ಮನುಷ್ಯ ಮಾಡಿದ್ದಕ್ಕೆ ಲೆಕ್ಕ ಕೇಳಲೇಬೇಕು.